ಕಪ್ಪಗಲ್ಲಿನ ಬಂಡೆ, ಪಟದ ಹಿಂಬದಿ

ಬಳ್ಳಾರಿಗೆ ಹತ್ತಿರದ ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಕಪ್ಪು ಡೋಲರೈಟ್ ಬಂಡೆಗಳ ಸಾಲೊಂದಿದೆ. ಅವುಗಳ ಮೈಮೇಲೆ ಉದ್ದ ಕೊಂಬಿನ ಎತ್ತುಗಳಿವೆ, ಮನುಷ್ಯರಿದ್ದಾರೆ. ಸಾವಿರಾರು ವರ್ಷಗಳ ಹಿಂದೆ ದನ ಸಾಕಿಕೊಂಡು ಬದುಕಿದವರು ಕಲ್ಲಿಗೆ ಕಲ್ಲು ಕುಟ್ಟಿ ಮೂಡಿಸಿದ ಚಿತ್ರಗಳಿವು. ಕೆಲವು ಬಂಡೆಗಳನ್ನು ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ.

1892ರಲ್ಲಿ ಎಫ್. ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಈ ಚಿತ್ರಗಳ ಬಗ್ಗೆ ಬರೆದದ್ದು ‘ಏಷ್ಯಾಟಿಕ್ ಕ್ವಾರ್ಟರ್ಲಿ ರಿವ್ಯೂ’ನಲ್ಲಿ ಅಚ್ಚಾಯಿತು. ಆ ಶತಮಾನದಲ್ಲೇ ಫೋಟೊಗಳನ್ನೂ ತೆಗೆದಿದ್ದರು. ಮದ್ರಾಸ್ ಮ್ಯೂಸಿಯಂನಲ್ಲಿದ್ದವು ಹಾಳಾದವು. ಲಂಡನ್ನಿನ ರಾಯಲ್ ಆಂಥ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಾಸಿದ ಕೆಲವು ಪ್ರತಿಗಳಷ್ಟೇ ಉಳಿದವು. ಜಾಗ ವಿದ್ವಾಂಸರ ನೆನಪಿನಿಂದ ಬಹುಮಟ್ಟಿಗೆ ಜಾರಿಹೋಗಿತ್ತು. ಕೇಂಬ್ರಿಜ್‌ನ ನಿಕೋಲ್ ಬೊವಿನ್ ಹೊಸದಾಗಿ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸುವ ಹೊತ್ತಿಗೆ ಕಲ್ಲು ಕ್ವಾರಿ ಗುಡ್ಡವನ್ನು ಕಡಿಯುತ್ತಿತ್ತು. ಒಡೆದ ಬಂಡೆಯ ಲೆಕ್ಕಕ್ಕೆ ಇನ್ನು ಆ ಮಾಸಿದ ಪಟಗಳೇ ಗತಿ.

ಆದರೆ ಪಟವೊಂದೇ ಸಾಲದು. 1876–78ರ ಮಹಾಕ್ಷಾಮದ ಕಾಲದಲ್ಲಿ ಮದ್ರಾಸ್ ಸೈನ್ಯದ ಡಬ್ಲ್ಯು. ಡಬ್ಲ್ಯು. ಹೂಪರ್ ತೆಗೆದ ಚಿತ್ರಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಪಕ್ಕೆಲುಬು ಎಣಿಸುವಂತಿರುವ ಆ ಜನರ ಹೆಸರೇನು? ಕ್ಷಾಮ ಬಳ್ಳಾರಿಯನ್ನು ಬಹಳ ಕೆಟ್ಟದಾಗಿ ಬಡಿದಿತ್ತು. ಹೆಸರಿಲ್ಲದ ಮುಖಗಳನ್ನು ಮಾತ್ರ ಯಾವ ಊರಿಗೂ ಮರಳಿ ಸೇರಿಸಲಾಗದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬೇರೆ ರೀತಿ ನಡೆದುಕೊಂಡರು. ಕಲ್ಲುಗೊಡಲಿ, ಮಡಕೆಚೂರು ಯಾವ ಜಾಗದಲ್ಲಿ ಸಿಕ್ಕಿತೆಂದು ಬರೆದಿಟ್ಟರು. ಅವರು ತೀರಿಕೊಂಡ ಮೇಲೆ, 1916ರಲ್ಲಿ ಬಂದ ಪುಸ್ತಕದಲ್ಲೂ ಅದು ಉಳಿಯಿತು. ಬಳ್ಳಾರಿಯ ವಸ್ತುಸಂಗ್ರಹಾಲಯ ಇವತ್ತು ಅವರ ಹೆಸರನ್ನೂ ಹತ್ತಿರದ ಪ್ರಾಚೀನ ನೆಲೆ ಸಂಗನಕಲ್ಲಿನ ಹೆಸರನ್ನೂ ಒಟ್ಟಿಗೆ ಇಟ್ಟುಕೊಂಡಿದೆ.

ಅಚ್ಚಿನ ಪುಸ್ತಕಗಳನ್ನೂ ಊರಿನ ಕಣ್ಣಿನಿಂದ ಓದಬೇಕು. ಜಾನ್ ಕೆಲ್ಸಾಲ್ ಬರೆದ ಬಳ್ಳಾರಿ ಜಿಲ್ಲೆಯ ಮ್ಯಾನ್ಯುಯಲ್ 1872ರದು, ಅಂದರೆ ಕ್ಷಾಮಕ್ಕಿಂತ ಮೊದಲಿನದು. ಡಬ್ಲ್ಯು. ಫ್ರಾನ್ಸಿಸ್ ಅವರ ಗೆಜೆಟಿಯರ್ 1904ರದು. ಎರಡರ ಜನಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ ಎಡವುತ್ತೇವೆ. ಏಕೆಂದರೆ ನಡುವೆ 1882ರಲ್ಲಿ ಅನಂತಪುರ ಬಳ್ಳಾರಿಯಿಂದ ಒಡೆದು ಬೇರೆ ಜಿಲ್ಲೆಯಾಯಿತು. ಇವೇ ಪುಸ್ತಕಗಳಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದವರಿಗೆ ಹೆಚ್ಚು ಬೆಲೆಬಾಳುವುದು ಕಾಲುವೆಗಳ ವಿವರ. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮೊದಲು ಹೊಳೆಯ ನೀರು ಗದ್ದೆಗೆ ಬರುತ್ತಿದ್ದ ಬಗೆ ತಿಳಿಯಲು ಇಂಥ ಪುಟಗಳು ಬೇಕು.

ರಾಬರ್ಟ್ ಸಿವೆಲ್ 1882ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಾಚೀನ ಅವಶೇಷಗಳ ಪಟ್ಟಿಯನ್ನು ಊರುವಾರು ಅಚ್ಚು ಹಾಕಿಸಿದರು. ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಗೆ ಜಾತ್ರೆಯ ಜನವಿದೆ, ಪೂಜೆಯಿದೆ. ಸುತ್ತಲಿನ ಪಾಳು ಗುಡಿಗಳಿಗೆ ಅದಿಲ್ಲ. ಹಳೆಯ ಪಟ್ಟಿ ಹಿಡಿದು ಅಲ್ಲಿ ನಡೆದಾಡಿ, ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ಗುರುತು ಹಾಕುವ ಕೆಲಸ ಶಾಲೆಯ ಮಕ್ಕಳಿಂದಲೂ ಆಗುತ್ತದೆ.

ಇಂಥ ದಾಖಲೆ ನಮ್ಮ ಮನೆಗಳಲ್ಲೂ ಇದೆ: ಟ್ರಂಕುಗಳಲ್ಲಿ ಮದುವೆಯ ಗ್ರೂಪ್ ಫೋಟೊ, ಲಗ್ನಪತ್ರಿಕೆ, ನಾಟಕದ ಕರಪತ್ರಗಳಿವೆ. ಮುಖಗಳನ್ನು ಗುರುತಿಸುವ ಅಜ್ಜಿ ಇದ್ದಾಗಲೇ ಪಕ್ಕ ಕೂತು, ಫೋಟೊದ ಹಿಂದೆ ಪೆನ್ಸಿಲ್‌ನಲ್ಲಿ, ಒತ್ತದೆ, ಹೆಸರು, ಊರು, ವರ್ಷ ಬರೆಯಬೇಕು. ಬಾಲ್‌ಪೆನ್ ಬೇಡ, ಅದರ ಗೀರು ಮುಂಬದಿಯ ಮುಖಗಳ ಮೇಲೆ ಏಳುತ್ತದೆ.