ಸೊಳ್ಳೆ ನಿಯಂತ್ರಣ (ಮನೆಯ ಸುತ್ತ)

ಸೊಳ್ಳೆ ಮೊಟ್ಟೆಯಿಡುವ ನಿಂತ ನೀರನ್ನು ಮನೆಯ ಒಳಹೊರಗೆ ಇಲ್ಲವಾಗಿಸಿ, ಕಡಿತದಿಂದ ಮೈ ಕಾಯ್ದುಕೊಳ್ಳುವ ಆರೋಗ್ಯಕ್ರಮ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ ತಮ್ಮ ಬಂಗಲೆಯ ಕಿಟಕಿ ಬಳಿಯ ನೀರಿನ ತೊಟ್ಟಿಯನ್ನು ಬರಿದು ಮಾಡಿಸಿದಾಗ ಸೊಳ್ಳೆಕಾಟ ತಗ್ಗಿತ್ತು. ಕ್ರಮದ ತಿರುಳು ಇಂದಿಗೂ ಅದೇ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಈಜಿಪ್ಟಿ ಹಗಲಲ್ಲಿ ಕಚ್ಚುತ್ತದೆ, ಶೇಖರಿಸಿಟ್ಟ ತಿಳಿನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆಗೆ ರೆಕ್ಕೆ ಬರಲು 7ರಿಂದ 10 ದಿನ ಸಾಕು. ಆದ್ದರಿಂದಲೇ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಒಳಗೋಡೆ ಉಜ್ಜಬೇಕು. ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ, ಬರಿದೇ ನೀರು ಚೆಲ್ಲಿದರೆ ಸಾಲದು.

ಆನೇಕಲ್ ತಾಲ್ಲೂಕಿನ ಜಿಗಣಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಮಿಕರ ಬಾಡಿಗೆ ಕೋಣೆಗಳಿಗೆ ಡ್ರಮ್ಮು, ಸಂಪು ಅನಿವಾರ್ಯ. ನೀರು ಕೂಡಿಡಬೇಡಿ ಎನ್ನುವುದು ಅಲ್ಲಿ ನ್ಯಾಯವಲ್ಲ. ಬಿಗಿ ಮುಚ್ಚಳ, ಇಲ್ಲವೇ ಒತ್ತಾಗಿ ಕಟ್ಟಿದ ಬಟ್ಟೆ ಸಾಕು. ಕೆರೆ, ಚರಂಡಿ ಕೊಳಕಾಗಿರುವಾಗ ಮನೆ ಶುಚಿಯಿಂದೇನು ಎಂಬ ಆಕ್ಷೇಪ ಅರ್ಧ ಸರಿ: ಕೊಳಚೆಯಲ್ಲಿ ಹೆಚ್ಚಾಗಿ ಹುಟ್ಟುವುದು ರಾತ್ರಿ ಕಚ್ಚುವ ಕ್ಯೂಲೆಕ್ಸ್, ಅದರ ಹೊಣೆ ಸ್ಥಳೀಯ ಆಡಳಿತದ್ದು. ಈಡಿಸ್ ಸಾಮಾನ್ಯವಾಗಿ ಕೆಲವು ನೂರು ಮೀಟರಿನಾಚೆ ಹಾರದು. ಅದರ ತವರು ಅದೇ ಬೀದಿಯ ಟೈರು, ಹೂಕುಂಡದ ತಟ್ಟೆ, ಎಳನೀರಿನ ಬುರುಡೆ. ಹೊಗೆ ಸಿಂಪಡಣೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಮರಿಯನ್ನಲ್ಲ. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆಗೆ ಎಡೆಗೊಡುವ ಮನೆ, ಅಂಗಡಿ, ಖಾಲಿ ನಿವೇಶನಗಳಿಗೆ ದಂಡ ಗೊತ್ತುಮಾಡಿತು. ಕಿಟಕಿ ಜಾಲರಿ, ತುಂಬುತೋಳಿನ ಉಡುಪು, ಮೈಗೆ ಹಚ್ಚುವ ಮುಲಾಮು ಪೂರಕ ಉಪಾಯಗಳು. ಡೆಂಗಿ ರೋಗಿ ಹಗಲಲ್ಲೂ ಪರದೆಯೊಳಗಿರುವುದು ಅಗತ್ಯ. ಅವರನ್ನು ಕಚ್ಚಿದ ಸೊಳ್ಳೆಯೇ ವೈರಾಣುವನ್ನು ಮುಂದಿನ ಮನೆಗೆ ಒಯ್ಯುತ್ತದೆ.