ಡಾಲ್ಫಿನ್ ಕುಣಿದ ಮೊದಲ ಕೊಳ



ಡಾಲ್ಫಿನ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಅದರ ನಗುಮುಖ. ನೀರಿನಿಂದ ಛಂಗನೆ ಹಾರಿ, ಬಳೆಯೊಳಗೆ ತೂರಿ, ಚೆಂಡಿಗೆ ಮೂತಿ ತಾಗಿಸಿ ಮತ್ತೆ ನೀರಿಗೆ ಬೀಳುವ ಆ ಪ್ರಾಣಿ ಮಕ್ಕಳ ಪುಸ್ತಕದಲ್ಲಿ, ಟಿ.ವಿ.ಯಲ್ಲಿ, ಶಾಲೆಯ ಚೀಲದ ಮೇಲೆ, ಎಲ್ಲೆಲ್ಲೂ ಇದೆ. ಆದರೆ ತೊಂಬತ್ತು ವರ್ಷಗಳ ಹಿಂದೆ ಅದಕ್ಕೆ ಈ ಪಟ್ಟ ಇರಲಿಲ್ಲ. ಅಮೆರಿಕದ ಮೀನುಗಾರರ ಪಾಲಿಗೆ ಅದು ಬಲೆ ಹರಿಯುವ, ಮೀನು ಕದಿಯುವ ಪೀಡೆ. ವಿಜ್ಞಾನಿಗಳಿಗೂ ಅದರ ಬದುಕಿನ ಬಗ್ಗೆ ತಿಳಿದದ್ದು ಅಷ್ಟಕ್ಕಷ್ಟೆ. ಪೀಡೆಯಾಗಿದ್ದದ್ದು ಮುದ್ದಿನ ಗೆಳೆಯನಾದದ್ದು ಹೇಗೆ? ಆ ಕಥೆ ಹುಡುಕಿಕೊಂಡು ಹೋದರೆ ನಾವು ತಲುಪುವುದು ಫ್ಲಾರಿಡಾದ ಕಡಲ ತೀರದ ಒಂದು ಜಾಗಕ್ಕೆ. ಅದರ ಹೆಸರು ಮರೀನ್‌ಲ್ಯಾಂಡ್.

ಸಿನಿಮಾಕ್ಕಾಗಿ ಕಟ್ಟಿದ ಕಡಲು

ಮುಂಬೈಯ ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ಆರಂಭವಾದ ತಾರಾಪೋರ್‌ವಾಲಾ ಅಕ್ವೇರಿಯಂ ನೋಡಿದವರಿಗೆ ಹಳೆಯ ಮಾದರಿಯ ಮತ್ಸ್ಯಾಲಯ ಹೇಗಿರುತ್ತದೆಂದು ಗೊತ್ತು. ಸಾಲಾಗಿ ಗಾಜಿನ ಪೆಟ್ಟಿಗೆಗಳು, ಒಂದೊಂದರಲ್ಲೂ ಒಂದೊಂದು ಬಗೆಯ ಮೀನು. ದೊಡ್ಡ ಪ್ರಾಣಿಗಳಿಗೆ ಅಂಥಲ್ಲಿ ಜಾಗವಿಲ್ಲ. 1861ರಲ್ಲಿ ನ್ಯೂಯಾರ್ಕ್‌ನ ಬಾರ್ನಮ್ ವಸ್ತುಸಂಗ್ರಹಾಲಯಕ್ಕೆ ತಂದ ಬಿಳಿಯ ಬೆಲೂಗಾ ತಿಮಿಂಗಿಲಗಳು ಕೆಲವೇ ದಿನ ಬದುಕಿದ್ದವು. 1913ರಲ್ಲಿ ಅದೇ ಊರಿನ ಸರ್ಕಾರಿ ಅಕ್ವೇರಿಯಂ ಕೆಲವು ಡಾಲ್ಫಿನ್‌ಗಳನ್ನು ತಂದಿತು. ಹೆಚ್ಚು ದಿನ ಬದುಕಿದ್ದು ಎರಡು ವರ್ಷವನ್ನೂ ದಾಟಲಿಲ್ಲ.

1930ರ ದಶಕದಲ್ಲಿ ನಾಲ್ವರು ಬೇರೆಯದೇ ಯೋಚನೆ ಮಾಡಿದರು. ಡಬ್ಲ್ಯು. ಡಗ್ಲಸ್ ಬರ್ಡನ್ ಸಾಹಸಿ. 1926ರಲ್ಲಿ ಕೊಮೊಡೊ ದ್ವೀಪಕ್ಕೆ ಹೋಗಿ ಅಲ್ಲಿನ ದೈತ್ಯ ಉಡಗಳನ್ನು ಜೀವಂತ ಹಿಡಿದು ತಂದವರು. 'ಕಿಂಗ್ ಕಾಂಗ್' ಚಿತ್ರಕ್ಕೆ ಸ್ಫೂರ್ತಿಯಾದದ್ದು ಅದೇ ಪ್ರವಾಸ. ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ವಿಟ್ನಿ ಸಿನಿಮಾದಲ್ಲಿ ಹಣ ತೊಡಗಿಸಿದ್ದ ಶ್ರೀಮಂತ. ಮೂರನೆಯವರು ಶರ್ಮನ್ ಪ್ರ್ಯಾಟ್. ನಾಲ್ಕನೆಯವರು ಇಲ್ಯಾ ಟಾಲ್‌ಸ್ಟಾಯ್. ಹೌದು, ನೀವು ಊಹಿಸಿದ್ದು ಸರಿ, ಲಿಯೋ ಟಾಲ್‌ಸ್ಟಾಯ್ ಅವರ ಮೊಮ್ಮಗ! ಮುಂದೆ 1942ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಪತ್ರ ಹೊತ್ತು ಭಾರತದಿಂದ ಹೊರಟು, ಸಿಕ್ಕಿಂ ದಾರಿಯಾಗಿ ಲ್ಹಾಸಾಕ್ಕೆ ಹೋಗಿ, ಇನ್ನೂ ಬಾಲಕನಾಗಿದ್ದ ದಲೈ ಲಾಮಾ ಅವರನ್ನು ಕಂಡವರೂ ಇವರೇ.

ಇವರಿಗೆ ಬೇಕಿದ್ದದ್ದು ಕಡಲಾಳದ ಸಿನಿಮಾ ತೆಗೆಯುವ ಸ್ಟುಡಿಯೋ. ಆಗ ನೀರಿನೊಳಗೆ ಕ್ಯಾಮೆರಾ ಇಳಿಸುವುದು ಬಹಳ ಕಷ್ಟ. ಹಾಗಾದರೆ ಕಡಲನ್ನೇ ಕ್ಯಾಮೆರಾದ ಬಳಿ ತರೋಣ ಎಂದುಕೊಂಡರು. ಸೇಂಟ್ ಆಗಸ್ಟೀನ್ ಎಂಬ ಹಳೆಯ ಊರಿನಿಂದ ಸುಮಾರು 29 ಕಿಲೋಮೀಟರ್ ದಕ್ಷಿಣಕ್ಕೆ, ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮತಾಂಜಾಸ್ ನದಿ ಇರುವ ಮರಳಿನ ಪಟ್ಟಿಯಲ್ಲಿ ಎರಡು ಭಾರೀ ತೊಟ್ಟಿಗಳು ಎದ್ದವು. ಒಂದು ಆಯತಾಕಾರ: 100 ಅಡಿ ಉದ್ದ, 40 ಅಡಿ ಅಗಲ, 18 ಅಡಿ ಆಳ. ಇನ್ನೊಂದು 75 ಅಡಿ ವ್ಯಾಸದ ದುಂಡು ತೊಟ್ಟಿ. ಎರಡಕ್ಕೂ ನಡುವೆ ಕಾಲುವೆ, ಪಕ್ಕದ ಸಾಗರದಿಂದಲೇ ಸದಾ ಹರಿದು ಬರುವ ನೀರು, ಗೋಡೆಯುದ್ದಕ್ಕೂ ಗಾಜಿನ ಕಿಂಡಿಗಳು.

1938ರ ಜೂನ್ 23ರಂದು 'ಮರೀನ್ ಸ್ಟುಡಿಯೋಸ್' ಎಂಬ ಹೆಸರಿನಲ್ಲಿ ಬಾಗಿಲು ತೆರೆಯಿತು. ಅಂದು ಬಂದ ಸಾವಿರಾರು ಜನರ ಕಾರುಗಳಿಂದ ಕರಾವಳಿಯ ರಸ್ತೆಯೇ ತುಂಬಿಹೋಯಿತು. ಕಿಂಡಿಯಲ್ಲಿ ಕಣ್ಣಿಟ್ಟವರಿಗೆ ಕಂಡದ್ದೇನು? ಶಾರ್ಕ್, ತೊರಕೆ, ಕಡಲಾಮೆ, ಬಣ್ಣಬಣ್ಣದ ಮೀನು, ಡಾಲ್ಫಿನ್, ಎಲ್ಲವೂ ಒಂದೇ ನೀರಿನಲ್ಲಿ! ಲೋಹದ ಶಿರಸ್ತ್ರಾಣ ತೊಟ್ಟ ಮುಳುಗುಗಾರ ಬುಟ್ಟಿಯಿಂದ ಮೀನು ತೆಗೆದು ಅವುಗಳ ಬಾಯಿಗೇ ಕೊಡುತ್ತಿದ್ದ. ಸಾಗರವನ್ನು ಹೀಗೆ ಇಡಿಯಾಗಿ ತೋರಿಸುವ 'ಓಷನೇರಿಯಂ' ಲೋಕದಲ್ಲಿ ಇದೇ ಮೊದಲು. ಸಿನಿಮಾದವರೂ ಬಂದರು. 1955ರ 'ರಿವೆಂಜ್ ಆಫ್ ದ ಕ್ರೀಚರ್' ಇಲ್ಲಿ ಚಿತ್ರೀಕರಣವಾಯಿತು. ಕ್ಲಿಂಟ್ ಈಸ್ಟ್‌ವುಡ್ ತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದು ಅದರಲ್ಲಿಯೇ.

ಕಿಂಡಿಯಿಂದ ಕಂಡ ಸಂಸಾರ

ಆದರೆ ಜನ ಬಂದದ್ದು ಶಾರ್ಕ್ ನೋಡಲು, ನಿಂತು ನೋಡಿದ್ದು ಡಾಲ್ಫಿನ್. ಯಾರೂ ಕಲಿಸದಿದ್ದರೂ ಅವು ತಮ್ಮಷ್ಟಕ್ಕೆ ತಾವೇ ಆಟ ಹೂಡುತ್ತಿದ್ದವು. ನೀರಿನ ಮೇಲೆ ಬಿದ್ದ ಪೆಲಿಕನ್ ಹಕ್ಕಿಯ ಗರಿಯನ್ನು ಕಚ್ಚಿಕೊಂಡು ಬಂದು, ನೀರು ಚಿಮ್ಮುವ ಕೊಳವೆಯ ಬಾಯಿಗೆ ಬಿಟ್ಟು, ಅದು ತೇಲಿ ಹೋಗುತ್ತಿದ್ದಂತೆ ಬೆನ್ನಟ್ಟಿ ಹಿಡಿಯುವುದು. ಮತ್ತೆ ಬಿಡುವುದು, ಮತ್ತೆ ಹಿಡಿಯುವುದು. ಊಟ ಕೊಡುವವರ ಕೈಯಿಂದ ಮೀನು ಕಸಿಯಲು ನೀರಿನಿಂದ ಮೇಲಕ್ಕೆ ನೆಗೆಯುವುದೂ ಹಾಗೇ ಶುರುವಾಯಿತು. ಡಾಲ್ಫಿನ್ ಪ್ರದರ್ಶನದ ಮೂಲ ಇಷ್ಟೇ.

ಇಲ್ಲಿನ ಮೊದಲ ಕ್ಯುರೇಟರ್ ಆರ್ಥರ್ ಮೆಕ್‌ಬ್ರೈಡ್ ಇದನ್ನೆಲ್ಲ ಬರೆದಿಡತೊಡಗಿದರು. ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಅವರ ಜತೆ 1948ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಡಾಲ್ಫಿನ್‌ನ ಮನಸ್ಸನ್ನು ನಾಯಿಗಿಂತ ಮೇಲೆ, ಚಿಂಪಾಂಜಿಯ ಹತ್ತಿರಕ್ಕೆ ಇಟ್ಟರು. ಅಂದಿನ ದಿನಗಳಲ್ಲಿ ಇದು ದೊಡ್ಡ ಮಾತು.

1947ರ ಫೆಬ್ರವರಿಯಲ್ಲಿ 'ಸ್ಪ್ರೇ' ಎಂಬ ಹೆಣ್ಣುಮರಿ ತೊಟ್ಟಿಯಲ್ಲೇ ಹುಟ್ಟಿ ಬದುಕಿ ಉಳಿಯಿತು. ಡಾಲ್ಫಿನ್ ಬಾಣಂತನವನ್ನು ಮನುಷ್ಯ ಕಣ್ಣಾರೆ ಕಂಡು ದಾಖಲಿಸಿದ್ದು ಇಲ್ಲಿಯೇ. ಬಾಲ ಮೊದಲಾಗಿ ಹೊರಬರುವ ಮರಿ, ಮೊದಲ ಉಸಿರಿಗಾಗಿ ನೀರಿನ ಮೇಲಕ್ಕೆ ಅದು ಮಾಡುವ ಪಯಣ, ಪಕ್ಕದಲ್ಲೇ ಇರುವ ತಾಯಿ, ಕೆಲವೊಮ್ಮೆ ಜತೆಗೆ ಚಿಕ್ಕಮ್ಮನಂತೆ ಕಾವಲು ನಿಲ್ಲುವ ಇನ್ನೊಂದು ಹೆಣ್ಣು. ಮೀನು ಎಂದುಕೊಂಡು ಟಿಕೆಟ್ ಕೊಂಡವರು ಅಲ್ಲಿ ಒಂದು ಸಂಸಾರವನ್ನೇ ಕಂಡರು.

ಮೆಕ್‌ಬ್ರೈಡ್ ಗಮನಿಸಿದ ಇನ್ನೊಂದು ಸಂಗತಿ ಮತ್ತೂ ದೊಡ್ಡದು. ಕೆಸರು ನೀರಿನಲ್ಲಿ, ಕತ್ತಲ ರಾತ್ರಿಯಲ್ಲಿ ಬಲೆ ಬೀಸಿದರೂ ಡಾಲ್ಫಿನ್‌ಗಳು ಬಲೆಯನ್ನು ದೂರದಿಂದಲೇ ಅರಿತು ತಪ್ಪಿಸಿಕೊಳ್ಳುತ್ತಿದ್ದವು. ಕಣ್ಣಿಗೆ ಕಾಣದ್ದು ಗೊತ್ತಾಗುವುದು ಹೇಗೆ? ಬಾವಲಿಯಂತೆ ಇವೂ ಸದ್ದು ಹೊರಡಿಸಿ, ಅದರ ಪ್ರತಿಧ್ವನಿ ಕೇಳಿ ದಾರಿ ಕಾಣುತ್ತಿರಬಹುದು ಎಂದು 1947ರಲ್ಲೇ ಟಿಪ್ಪಣಿ ಬರೆದರು. ಆ ಟಿಪ್ಪಣಿ ಅಚ್ಚಾದದ್ದು 1956ರಲ್ಲಿ, ಅವರು ತೀರಿಕೊಂಡ ಮೇಲೆ. 1960ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆನೆತ್ ನಾರಿಸ್ ಅವರ ತಂಡ 'ಕ್ಯಾಥಿ' ಎಂಬ ಡಾಲ್ಫಿನ್‌ನ ಎರಡೂ ಕಣ್ಣಿಗೆ ರಬ್ಬರ್ ಬಟ್ಟಲು ಮುಚ್ಚಿ ಪರೀಕ್ಷಿಸಿತು. ಕ್ಯಾಥಿ ಅಡೆತಡೆಗಳ ನಡುವೆ ಸಲೀಸಾಗಿ ಈಜಿದಳು. ನೆತ್ತಿಯ ಕೆಳಗೆ ಹುಟ್ಟುವ ಟಿಕ್‌ಟಿಕ್ ಸದ್ದು ಹಣೆಯ ಕೊಬ್ಬಿನ ಉಬ್ಬಿನಲ್ಲಿ ಸೇರಿ ಮುಂದಕ್ಕೆ ಹೋಗುತ್ತದೆ, ಮರಳಿ ಬಂದ ಪ್ರತಿಧ್ವನಿ ಕೆಳದವಡೆಯ ಮೂಲಕ ಕಿವಿಗೆ ಸೇರುತ್ತದೆ ಎಂಬುದು ಇಂದು ಚೆನ್ನಾಗಿ ತಿಳಿದಿದೆ. 1965ರಲ್ಲಿ ಕಾಲ್ಡ್‌ವೆಲ್ ದಂಪತಿ ಇನ್ನೊಂದು ಗುಟ್ಟು ಬಿಚ್ಚಿದರು: ಪ್ರತಿ ಡಾಲ್ಫಿನ್‌ಗೂ ತನ್ನದೇ ಆದ ಸಿಳ್ಳೆ ಇದೆ, ನಮ್ಮ ಹೆಸರಿನ ಹಾಗೆ!

ಗುಣವೇ ಪ್ರಶ್ನೆಯಾದಾಗ

ಇತ್ತ ಪ್ರದರ್ಶನವೂ ಬೆಳೆಯಿತು. ಸರ್ಕಸ್‌ನಲ್ಲಿ ಪ್ರಾಣಿ ಪಳಗಿಸಿ ಅನುಭವವಿದ್ದ ಅಡಾಲ್ಫ್ ಫ್ರೋನ್ 1949ರಲ್ಲಿ ಕೆಲಸಕ್ಕೆ ಸೇರಿ 'ಫ್ಲಿಪ್ಪಿ' ಎಂಬ ಡಾಲ್ಫಿನ್‌ಗೆ ಗಂಟೆ ಬಾರಿಸುವುದು, ಬಳೆ ಹಾರುವುದು ಇತ್ಯಾದಿ ಕಲಿಸಿದರು. 1954ರಲ್ಲಿ ಲಾಸ್ ಏಂಜಲೀಸ್ ಬಳಿ 'ಮರೀನ್‌ಲ್ಯಾಂಡ್ ಆಫ್ ದ ಪೆಸಿಫಿಕ್' ಬಂತು. 1963ರಲ್ಲಿ 'ಫ್ಲಿಪ್ಪರ್' ಸಿನಿಮಾ, ಮರುವರ್ಷವೇ ಅದೇ ಹೆಸರಿನ ಟಿ.ವಿ. ಸರಣಿ. ಡಾಲ್ಫಿನ್ ಪಾರ್ಕುಗಳು ದೇಶದೇಶಗಳಲ್ಲಿ ತಲೆಯೆತ್ತಿದವು.

ಆದರೆ ಕೇಳುಗರೇ, ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. 75 ಅಡಿ ವ್ಯಾಸದ ತೊಟ್ಟಿಯ ಸುತ್ತಳತೆ ಸುಮಾರು 72 ಮೀಟರ್. ಒಂದು ಕಿಲೋಮೀಟರ್ ಈಜಲು ಹದಿನಾಲ್ಕು ಸುತ್ತು ಹಾಕಬೇಕು. ಸಾಗರದಲ್ಲಿ ಇದೇ ಪ್ರಾಣಿ ದಿನಕ್ಕೆ ಹತ್ತಾರು ಕಿಲೋಮೀಟರ್ ತಿರುಗುತ್ತದೆ. ಅದಕ್ಕೆ ಬಂಧುಬಳಗವಿದೆ, ಹೆಸರಿದೆ, ದೂರದ್ದನ್ನು ಕೇಳಿಯೇ ಕಾಣುವ ಶಕ್ತಿಯಿದೆ ಎಂದು ಹೇಳಿಕೊಟ್ಟದ್ದು ಈ ತೊಟ್ಟಿಗಳೇ. ಹಾಗಿದ್ದ ಮೇಲೆ ಅದನ್ನು ತೊಟ್ಟಿಯಲ್ಲಿ ಇಡುವುದು ಸರಿಯೇ ಎಂಬ ಪ್ರಶ್ನೆ ಬಾರದೆ ಇದ್ದೀತೇ? ಫ್ಲಿಪ್ಪರ್ ಸರಣಿಗಾಗಿ ಡಾಲ್ಫಿನ್ ಪಳಗಿಸಿದ ರಿಕ್ ಒಬ್ಯಾರಿ ಅವರೇ 1970ರಿಂದ ಸೆರೆಯ ವಿರುದ್ಧ ದನಿ ಎತ್ತಿದರು. ಆ ನಗುಮುಖ ನಿಜಕ್ಕೂ ನಗುವಲ್ಲ, ದವಡೆಯ ಆಕಾರ. ನೋವಿನಲ್ಲಿಯೂ ಅದು ಹಾಗೇ ಇರುತ್ತದೆ. 1972ರಲ್ಲಿ ಅಮೆರಿಕ ಕಡಲ ಸಸ್ತನಿಗಳ ರಕ್ಷಣೆಗೆ ಕಾಯಿದೆ ತಂದಿತು.

ಮರೀನ್‌ಲ್ಯಾಂಡ್‌ಗೂ ಕಷ್ಟದ ದಿನಗಳು ಬಂದವು. ಹೊಸ ಹೆದ್ದಾರಿ ವಾಹನಗಳನ್ನು ಒಳನಾಡಿಗೆ ಸೆಳೆಯಿತು. ಒರ್ಲಾಂಡೊದಲ್ಲಿ 1971ರಲ್ಲಿ ಡಿಸ್ನಿ ವರ್ಲ್ಡ್, 1973ರಲ್ಲಿ ಸೀ ವರ್ಲ್ಡ್ ಬಂದವು. 1999ರ ಫ್ಲಾಯ್ಡ್ ಚಂಡಮಾರುತ ಹಳೆಯ ಕಟ್ಟಡಗಳಿಗೆ ಪೆಟ್ಟು ಕೊಟ್ಟಿತು. ಮೊದಲಿನ ತೊಟ್ಟಿಗಳನ್ನು ಕೆಡವಿ, 2006ರಲ್ಲಿ ಹೊಸ ಕೊಳಗಳೊಂದಿಗೆ ಮತ್ತೆ ತೆರೆದರು. ಒಡೆತನ 2011ರಲ್ಲಿ ಜಾರ್ಜಿಯಾ ಅಕ್ವೇರಿಯಂಗೆ, 2019ರಲ್ಲಿ ಮೆಕ್ಸಿಕೊ ಮೂಲದ ಡಾಲ್ಫಿನ್ ಕಂಪನಿಗೆ ಹೋಯಿತು. ಆ ಕಂಪನಿ 2025ರಲ್ಲಿ ಸಾಲದ ಹೊರೆಯಿಂದ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು.

ಈ ಏಳುಬೀಳುಗಳಲ್ಲಿ ಬಹುಪಾಲನ್ನು ಕಂಡವಳು 'ನೆಲ್ಲಿ'. 1953ರ ಫೆಬ್ರವರಿ 27ರಂದು ಇಲ್ಲಿನ ತೊಟ್ಟಿಯಲ್ಲಿ ಹುಟ್ಟಿದಳು. ಜಾಹೀರಾತಿನಲ್ಲಿ ನಟಿಸಿದಳು, ಜಾಕ್ಸನ್‌ವಿಲ್ ವಿಶ್ವವಿದ್ಯಾಲಯದ ಲಾಂಛನಪ್ರಾಣಿಯಾದಳು. 2014ರ ಮೇ 1ರಂದು ತೀರಿಕೊಂಡಾಗ ವಯಸ್ಸು 61. ಅಷ್ಟು ದೀರ್ಘ ಆಯುಷ್ಯ ಅವಳನ್ನು ಸಾಕಿದವರ ಅಕ್ಕರೆಗೆ ಸಾಕ್ಷಿ. ಹತ್ತಿರದಲ್ಲೇ ಇದ್ದ ಅಟ್ಲಾಂಟಿಕ್‌ನಲ್ಲಿ ಅವಳು ಬದುಕಲಿಲ್ಲ ಎಂಬುದೂ ಅಷ್ಟೇ ಸತ್ಯ.

ಭಾರತ ಕೊಟ್ಟ ಉತ್ತರ

ಈ ಗೀಳು ನಮ್ಮಲ್ಲಿಗೂ ಬಂದಿತ್ತು. 1990ರ ದಶಕದ ಕೊನೆಗೆ ಚೆನ್ನೈ ಹೊರವಲಯದ ಮನೋರಂಜನಾ ಉದ್ಯಾನವೊಂದಕ್ಕೆ ಬಲ್ಗೇರಿಯಾದಿಂದ ಡಾಲ್ಫಿನ್‌ಗಳನ್ನು ತರಿಸಿದರು. ಕೆಲವೇ ತಿಂಗಳಲ್ಲಿ ಅವು ಸತ್ತವು. ಆಮೇಲೆಯೂ ಕೊಚ್ಚಿ, ಮಹಾರಾಷ್ಟ್ರ, ದೆಹಲಿ ಆಸುಪಾಸಿನಲ್ಲಿ ಡಾಲ್ಫಿನ್ ಪಾರ್ಕಿನ ಯೋಜನೆಗಳು ಕೇಳಿಬಂದವು. 2013ರ ಮೇ 17ರಂದು ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಅದು ಮುಂದಿಟ್ಟ ಮುಖ್ಯ ಕಾರಣ ಈ ಪ್ರಾಣಿಗಳ ಬುದ್ಧಿ ಮತ್ತು ಸೂಕ್ಷ್ಮತೆ. ಕಿಂಡಿಯಲ್ಲಿ ಕಣ್ಣಿಟ್ಟು ಕಲಿತ ಪಾಠವೇ ಹೀಗೆ ಇಲ್ಲಿ ತೊಟ್ಟಿ ಕಟ್ಟುವುದನ್ನು ತಡೆಯಿತು.

ಗಂಗಾ ಡಾಲ್ಫಿನ್ 2009ರಿಂದ ನಮ್ಮ ರಾಷ್ಟ್ರೀಯ ಜಲಚರ. ಬಹುತೇಕ ಕುರುಡಾದ ಅದು ಕೆಂಪು ಕೆಸರಿನ ನೀರಿನಲ್ಲಿ ಸದ್ದಿನಿಂದಲೇ ಬದುಕುತ್ತದೆ. 2025ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ನದಿಗಳಲ್ಲಿರುವ ಡಾಲ್ಫಿನ್‌ಗಳು 6,327. ಅದರಲ್ಲಿ ಬಿಯಾಸ್ ನದಿಯ ಮೂರನ್ನು ಬಿಟ್ಟರೆ ಉಳಿದವೆಲ್ಲ ಗಂಗಾ ಡಾಲ್ಫಿನ್. ದೋಣಿಯ ಇಂಜಿನ್ನಿನ ಗದ್ದಲ ಅವಕ್ಕೆ ಕಣ್ಣಿಗೆ ಮಣ್ಣೆರಚಿದಂತೆ.

ಮಕ್ಕಳಿಗೆ ಡಾಲ್ಫಿನ್ ತೋರಿಸಬೇಕೆ? ದೆಹಲಿಯ ಕೇಳುಗರಿಗೆ ಬ್ರಿಜ್‌ಘಾಟ್‌ನಿಂದ ನರೋರಾವರೆಗಿನ ಗಂಗೆಯಿದೆ. ಮುಂಬೈಯವರಿಗೆ ತಮ್ಮದೇ ಕಡಲಿನಲ್ಲಿ ಗೂನು ಬೆನ್ನಿನ ಡಾಲ್ಫಿನ್‌ಗಳಿವೆ. ರಜೆಗೆ ಊರಿಗೆ ಹೋದಾಗ ಕಾರವಾರ, ಗೋಕರ್ಣದ ನೀರಿನಲ್ಲೂ ಅವು ಕಾಣಸಿಗುತ್ತವೆ. ದೋಣಿಯವರಿಗೆ ಹೇಳಿ ದೂರದಲ್ಲೇ ಇಂಜಿನ್ ನಿಲ್ಲಿಸಿ, ಬೆನ್ನಟ್ಟಬೇಡಿ, ಸುಮ್ಮನೆ ಕಾಯಿರಿ. ಒಮ್ಮೊಮ್ಮೆ ಏನೂ ಕಾಣದೆ ಬರಿಗೈಲಿ ಮರಳಬೇಕಾದೀತು. ಕಂಡ ದಿನ ಮಾತ್ರ, ಅದು ತನ್ನ ಇಷ್ಟದಂತೆ ಎಲ್ಲೋ ಮುಳುಗಿ ಇನ್ನೆಲ್ಲೋ ಏಳುವುದನ್ನು ಮಕ್ಕಳು ಬಹುಕಾಲ ಮರೆಯಲಾರರು.