ಕವಲೊಡೆದ ನಾಳದಲ್ಲಿ ಜೋಡಿ ಬಲೂನು

ದೇಹಕ್ಕೆಲ್ಲ ರಕ್ತ ಹಂಚುವ ಹೃದಯಕ್ಕೆ ಪೋಷಣೆ ಎಲ್ಲಿಂದ? ಅದರ ಬಲಗೋಣೆಯಲ್ಲಿ ತುಂಬುವ ರಕ್ತದಿಂದಲೇ ಎಂಬುದು ಇಬ್ನು ಸೀನಾರ ಅಭಿಪ್ರಾಯವಾಗಿತ್ತು. 13ನೇ ಶತಮಾನದಲ್ಲಿ ಕೈರೋದಲ್ಲಿದ್ದ ವೈದ್ಯ ಇಬ್ನುನ್ನಫೀಸ್ ಇದನ್ನು ಒಪ್ಪಲಿಲ್ಲ. ಹೃದಯದ ಮೈಯೊಳಗೇ ಹರಡಿರುವ ನಾಳಗಳು ಅದನ್ನು ಪೋಷಿಸುತ್ತವೆ ಎಂದು ಬರೆದರು. ತಾನು ಗೌರವಿಸುವ ವಿದ್ವಾಂಸನ ಮಾತನ್ನೂ ಪರೀಕ್ಷಿಸಿ ನೋಡುವ ಆ ಧೈರ್ಯ ದೊಡ್ಡದು. ಹಾಗೆಂದು ಇಂದಿನ ಆಂಜಿಯೋಪ್ಲಾಸ್ಟಿಯೂ ನಮ್ಮವರದೇ ಎಂದು ಬೀಗಬೇಕಾಗಿಲ್ಲ. ಆ ನಾಳಗಳೊಳಗೆ ಬಲೂನು ತೂರಿಸುವ ವಿದ್ಯೆ ಬಂದದ್ದು ಏಳು ಶತಮಾನಗಳ ನಂತರ, ಯುರೋಪಿನಲ್ಲಿ.

1977ರ ಸೆಪ್ಟೆಂಬರ್ 16ರಂದು ಸ್ವಿಟ್ಝರ್ಲೆಂಡಿನ ಝೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಯೆಂಟ್ಝಿಗ್, ಎಚ್ಚರವಿದ್ದ 38ರ ಹರೆಯದ ರೋಗಿಯೊಬ್ಬರ ಹೃದಯನಾಳದಲ್ಲಿ ಪುಟ್ಟ ಬಲೂನನ್ನು ಉಬ್ಬಿಸಿದರು. ಆ ಬಲೂನುಗಳ ಮೊದಲ ಕಾರ್ಖಾನೆ ಅವರ ಮನೆಯ ಅಡುಗೆಮನೆ. ಎದೆ ಸೀಳದೆಯೇ ನಾಳ ತೆರೆಯಿತು.

ಆದರೆ ಹೃದಯದ ನಾಳಗಳು ನೇರ ಕೊಳವೆಗಳಲ್ಲ. ಮರದ ಕೊಂಬೆಗಳಂತೆ ಕವಲೊಡೆಯುತ್ತಾ ಹೋಗುತ್ತವೆ. ರಕ್ತದ ಹರಿವು ಏರುಪೇರಾಗುವ ಆ ಕವಲುಗಳಲ್ಲೇ ಕೊಬ್ಬು ಸುಲಭವಾಗಿ ಕಟ್ಟಿಕೊಳ್ಳುತ್ತದೆ. ದೊಡ್ಡ ನಾಳದಲ್ಲಿ ಬಲೂನು ಉಬ್ಬಿಸಿದರೆ ಆ ಕೊಬ್ಬು ಬದಿಗೆ ಸರಿದು ಕವಲಿನ ಬಾಯಿಯನ್ನು ಮುಚ್ಚಬಹುದು. ಕವಲನ್ನು ಬಿಡಿಸಹೋದರೆ ದೊಡ್ಡ ನಾಳಕ್ಕೆ ಅದೇ ಗತಿ. ಈ ಫಜೀತಿಗೆ ಸಿಕ್ಕ ಉತ್ತರ, ಎರಡು ದಾರಿಗಳಲ್ಲೂ ಒಂದೊಂದು ಬಲೂನಿಟ್ಟು ಏಕಕಾಲಕ್ಕೆ ಉಬ್ಬಿಸುವುದು. ಗ್ರುಯೆಂಟ್ಝಿಗರ ಜೊತೆ ದುಡಿದಿದ್ದ ಬರ್ನ್‌ಹಾರ್ಡ್ ಮಾಯರ್ ಹೃದಯನಾಳದಲ್ಲಿ ಈ ವಿಧಾನದ ಬಗ್ಗೆ 1984ರಲ್ಲಿ ಬರೆದರು. ಇದರ ಹೆಸರು 'ಕಿಸ್ಸಿಂಗ್ ಬಲೂನ್'. ಕೇಳಿ ಮನೆಯ ಹಿರಿಯರು ಮುಜುಗರಪಟ್ಟಾರು! ಎರಡು ಬಲೂನುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಅರ್ಥ ಅಷ್ಟೇ.

1986ರಲ್ಲಿ ಫ್ರಾನ್ಸಿನ ಟೂಲೂಸ್‌ನಲ್ಲಿ ಝಾಕ್ ಪ್ಯುಯೆಲ್ ಮೊದಲ ಬಾರಿ ಹೃದಯನಾಳದಲ್ಲಿ ಲೋಹದ ಜಾಲರಿ, ಅಂದರೆ ಸ್ಟೆಂಟ್, ಕೂರಿಸಿದರು. ಇದರಿಂದ ಕವಲಿನ ತಾಪತ್ರಯ ಮುಗಿಯಲಿಲ್ಲ. ದೊಡ್ಡ ನಾಳದ ಸ್ಟೆಂಟಿನ ತಂತಿಗಳು ಕವಲಿನ ಬಾಯಿಗೆ ಕಿಟಕಿಯ ಸರಳುಗಳಂತೆ ಅಡ್ಡ ನಿಲ್ಲುತ್ತವೆ. ಜಾಲರಿಯ ಒಂದು ಕಣ್ಣಿನಲ್ಲಿ ಬಲೂನು ತೂರಿಸಿ ಹಿಗ್ಗಿಸಿದರೆ ದಾರಿ ತೆರೆಯುತ್ತದೆ, ಆದರೆ ದೊಡ್ಡ ನಾಳದೊಳಗಿನ ಸ್ಟೆಂಟ್ ಸೊಟ್ಟಗಾಗುತ್ತದೆ. ಅದನ್ನು ಸರಿಪಡಿಸಲು ಮತ್ತೆ ಜೋಡಿ ಬಲೂನು. ಜೋಡಿ ಬಲೂನು ಉಬ್ಬಿದಾಗ ಕವಲಿಗೆ ಮುಂಚಿನ ಭಾಗ ಮೊಟ್ಟೆಯಾಕಾರ ತಾಳುತ್ತದೆ. ಅದನ್ನು ದುಂಡಗಾಗಿಸಲು ಗಿಡ್ಡನೆಯ, ದಪ್ಪನೆಯ ಇನ್ನೊಂದು ಬಲೂನು!

ಎರಡೂ ನಾಳಗಳಿಗೆ ಸ್ಟೆಂಟ್ ಹಾಕಿಬಿಟ್ಟರಾಗದೇ? ಉತ್ತರ ಯುರೋಪಿನ ವೈದ್ಯರು 413 ರೋಗಿಗಳಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ಒಂದು ಸ್ಟೆಂಟಿನವರಿಗೂ ಎರಡು ಸ್ಟೆಂಟಿನವರಿಗೂ ಸಾವು, ಹೃದಯಾಘಾತಗಳಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಎಡಭಾಗದ ಮುಖ್ಯ ನಾಳದ ಕವಲಿನ ಕತೆ ಬೇರೆ. ಚೀನಾದ ನಾನ್‌ಜಿಂಗ್‌ನ ಚೆನ್ ಶಾವೋಲಿಯಾಂಗ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸ್ಟೆಂಟುಗಳ ವಿಧಾನವೇ ಮೇಲಾಯಿತು. ಒಂದು ವರ್ಷದೊಳಗೆ ಚಿಕಿತ್ಸೆ ವಿಫಲವಾದದ್ದು ಅದರಲ್ಲಿ ನೂರಕ್ಕೆ 5 ಮಂದಿಗೆ, ಒಂದೇ ಸ್ಟೆಂಟಿನಿಂದ ಆರಂಭಿಸುವ ವಿಧಾನದಲ್ಲಿ 10.7. ಗಮನಿಸಿ, ಗೆದ್ದ ವಿಧಾನದಲ್ಲೂ ಜೋಡಿ ಬಲೂನನ್ನು ಎರಡು ಸಲ ಉಬ್ಬಿಸುತ್ತಾರೆ.

ನಮ್ಮ ದೇಶದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮುಖವಿದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕುವ ಮೊದಲು, ಒಂದೊಂದಕ್ಕೆ ಲಕ್ಷ ಮೀರಿ ತೆತ್ತವರಿದ್ದಾರೆ. ಮಿತಿಯ ನಂತರವೂ ಎರಡು ಎಂದರೆ ದುಪ್ಪಟ್ಟೇ. ಒಡವೆ ಅಡವಿಟ್ಟು ಬಂದ ಮಗ, "ಕವಲಿಗೆ ಬಲೂನು ಸಾಕಾಗದೇ ಡಾಕ್ಟ್ರೇ?" ಎಂದು ಕೇಳಿದರೆ ಅದು ಉದ್ಧಟತನವಲ್ಲ. ಕವಲು ದೊಡ್ಡದಿದೆ, ಬ್ಲಾಕ್ ಅದರೊಳಗೂ ಉದ್ದಕ್ಕೆ ಹಬ್ಬಿದೆ, ಸಾಲದು ಎಂಬ ಉತ್ತರವೂ ಬರಬಹುದು.